ಬಂದೂಕಿದ್ದವನಿಗೆ ಕೆಲಸ

ನನ್ನ ತಮ್ಮ ಹತ್ತೊಂಬತ್ತು ವರ್ಷ ಒಡವೆ ಅಂಗಡಿಯ ಬಾಗಿಲು ಕಾದವನು. ಆ ಕೆಲಸಕ್ಕೆ ಅಂಗಡಿಯವರು ಬಂದೂಕು ಕೊಡುವುದಿಲ್ಲ; ಸ್ವಂತ ಬಂದೂಕು, ಸ್ವಂತ ಲೈಸೆನ್ಸು ಇದ್ದವನಿಗೇ ಕೆಲಸ. ಅವನದು ಜೋಡಿ ನಳಿಗೆಯದು. ಸಂಜೆ ಮನೆಗೆ ಬಂದವನೇ ಅದನ್ನು ನಡುವೆ ಬಗ್ಗಿಸಿ, ಎರಡೂ ತೋಟಾ ತೆಗೆದು ಸೊಂಟದ ಪಟ್ಟಿಗೆ ಸಿಕ್ಕಿಸುತ್ತಿದ್ದ. ಬೂಟು ಬಿಚ್ಚುವುದು ಆಮೇಲೆ. ಗಂಡ ಹೋದಂದಿನಿಂದ ನಾನು ಅವನ ಮನೆಯಲ್ಲೇ ಇದ್ದೇನೆ. ಈ ಕ್ರಮ ತಪ್ಪಿದ್ದು ನೋಡಿರಲಿಲ್ಲ.

ಹೋದ ವರ್ಷ ಅಂಗಡಿಗೆ ಕ್ಯಾಮರಾ ಬಂತು, ತಾನಾಗೇ ಮುಚ್ಚುವ ಕಬ್ಬಿಣದ ಬಾಗಿಲು ಬಂತು. ತಮ್ಮನಿಗೆ "ನಾಳೆಯಿಂದ ಬರಬೇಡ" ಅಂದರು. ಎಂಟು ಕಡೆ ಅಲೆದ. ಎಲ್ಲರೂ ಬಂದೂಕು ನೋಡಿ ಒಳಗೆ ಕರೆದರು, ತಲೆಯ ಬಿಳಿಕೂದಲು ನೋಡಿ ಕಳಿಸಿದರು. ಹೆಂಡತಿಯ ಹೊಲಿಗೆ ಕಾರ್ಖಾನೆಯ ಕೂಲಿಯಲ್ಲಿ ಮೂರು ಹೊಟ್ಟೆ. ಒಂದು ಹೊತ್ತಿನ ಊಟ ಬಿಟ್ಟೆವು. ಹಸಿವು ಅಂತ ಯಾರೂ ಬಾಯಿಬಿಡಲಿಲ್ಲ. ಉಪ್ಪು ಜಾಸ್ತಿ ಅಂತ ಜಗಳವಾಡಿದೆವು.

ಆಮೇಲೊಂದು ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ, ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು, ಬಂದೂಕು ಹಿಡಿದು, ನಮ್ಮ ಮನೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತ. ಬೀದಿಗೆಲ್ಲ ನಗು.

"ಏನಣ್ಣ, ಅತ್ತಿಗೆ ಒಳಗೆ ಚಿನ್ನ ಹೂತಿಟ್ಟಿದ್ದಾರಾ?" ಅಂದ ಎದುರಿನ ಸೈಕಲ್ ರಿಪೇರಿಯವನು.

"ನಮ್ಮಕ್ಕ ಇದ್ದಾಳಲ್ಲಪ್ಪ, ಹಳೇ ಚಿನ್ನ" ಅಂತ ತಮ್ಮನೂ ನಕ್ಕ. ಹದಿನೈದು ದಿನ ಹಾಗೇ ನಕ್ಕ. ಆಮೇಲೆ ಉತ್ತರ ಕೊಡುವುದು ಬಿಟ್ಟ. ಬೀದಿಯವರು ಕೇಳುವುದು ಬಿಡಲಿಲ್ಲ.

ಒಂದು ಸಂಜೆ ಅವನು ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿದಾಗ ತೋಟಾ ಎಣಿಸಿದೆ. ಹನ್ನೆರಡು ಇರಬೇಕು, ಹತ್ತಿದ್ದವು.

"ಇನ್ನೆರಡು ಎಲ್ಲೋ?"

"ನಳಿಗೆಯೊಳಗಿವೆ. ಡ್ಯೂಟಿ ಮುಗಿದಿಲ್ಲಕ್ಕ."

"ಯಾರ ಮನೆ ಡ್ಯೂಟಿನೋ? ತೆಗಿ ಅದನ್ನ."

"ನೀನು ಒಲೆ ನೋಡ್ಕೊ ಹೋಗು."

ಆ ಹತ್ತನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟೆ. ತೆಗೆಯಬೇಕಾದ್ದು ಉಳಿದೆರಡನ್ನು ಅಂತ ಗೊತ್ತಿತ್ತು. ಬಂದೂಕು ಬಗ್ಗಿಸಲು ನನಗೆ ಬರುತ್ತಿರಲಿಲ್ಲ. ಪಟ್ಟಿ ಖಾಲಿಯಾದದ್ದನ್ನು ಅವನು ನೋಡಿದ, ಏನೂ ಕೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಸ್ಟೇಷನ್ನಿಗೆ ಹೇಳಿಬಿಡೋಣ ಅತ್ತಿಗೆ" ಅಂದಳು ಅವನ ಹೆಂಡತಿ.

ನಾನೇ ಬೇಡ ಅಂದೆ. "ಬಂದೂಕು ಹೋದ್ರೆ ಲೈಸೆನ್ಸೂ ಹೋಯ್ತು ಕಣೆ. ಆಮೇಲೆ ಯಾವ ಬಾಗಿಲಲ್ಲಿ ನಿಲ್ಲಿಸ್ಕೊತಾರೆ ಅವನ್ನ?"

ಅದು ನಾನಾಡಿದ ಮಾತು. ಬೇರೆಯವರ ಮೇಲೆ ಹಾಕುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಂಗಡಿ ಸಾಹುಕಾರರ ಡ್ರೈವರ್ ಬಂದ. ತಮ್ಮನ ಹಳೇ ಸ್ನೇಹಿತ, ಒಳ್ಳೆಯವನು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಸಾಹುಕಾರ್ರ ಕೈಕಾಲು ಹಿಡಿದು ನಿಂಗೊಂದು ಕೆಲಸ ಮಾಡಿಸ್ಕೊಂಡು ಬಂದಿದೀನಿ. ಅಂಗಡಿ ಗುಡಿಸಿ ಒರೆಸೋದು. ಆ ದೊಣ್ಣೆ ಬಿಟ್ಟು ಪೊರಕೆ ಹಿಡಿಯೋ, ಜನರಲ್ ಸಾಹೇಬ! ಅದಾದ್ರೆ ದಿನಾ ಉಪಯೋಗಕ್ಕೆ ಬರುತ್ತೆ."

ನಾನು ಹೊಸಿಲಲ್ಲಿದ್ದೆ. ತಮ್ಮ ಎದ್ದು ನೆಟ್ಟಗೆ ನಿಂತ.

"ಬೇಡ ಕಣೋ" ಅಂದೆ. ಅಷ್ಟರಲ್ಲಿ ಎರಡೂ ಕಿವಿ ಗುಂಯ್ ಅಂದವು.

ಡ್ರೈವರ್ ಇನ್ನೂ ನಿಂತೇ ಇದ್ದ. ಮುಖದ ಮೇಲಿನ ನಗು ಹೋಗಿರಲಿಲ್ಲ.

"ಅಕ್ಕಾ, ಅವನನ್ನ ಹಿಡ್ಕೊ" ಅಂದ ತಮ್ಮ, "ಬೀಳ್ತಾನೆ."

ಹಿಡಿದುಕೊಂಡೆ. ಭಾರಕ್ಕೆ ನಾನೂ ಕುಸಿದು ಕೂತೆ. ಅವನ ತಲೆ ನನ್ನ ತೊಡೆಯ ಮೇಲಿತ್ತು. ನೀರು ಕೇಳಿದ. ತಮ್ಮನೇ ಒಳಗೆ ಹೋಗಿ ಲೋಟ ತುಂಬಿ ತಂದ. ಅಷ್ಟರಲ್ಲಿ ಅವನಿಗೆ ನೀರು ಬೇಡವಾಗಿತ್ತು.