ಡೈಸಿಯ ಮೊದಲ ಗಂಡನನ್ನು ಹುಡುಕಿಕೊಟ್ಟವರು

"ಸತ್ತೋರ ಹಾಸಿಗೆ ಇಣುಕಿ ನೋಡೋ ಕೆಲಸ ನಿಂದು! ನಮ್ಮ ಮುತ್ತಜ್ಜಿಗೆ ಇಬ್ಬರು ಗಂಡಂದಿರು ಅಂತೀಯಲ್ಲ, ನಾಚ್ಕೆ ಆಗಲ್ವಾ?"

ಚರ್ಚಿನ ಅಂಗಳದಲ್ಲಿ ಟಿಲರಿ ಮನೆತನದ ವರ್ಷದ ಕೂಟ. ಕೂಗುತ್ತಿರುವವರು ಹಿರಿಯ ಹೋಸಿಯಾ ಟಿಲರಿ. ಊರೆದುರು ಬೈಸಿಕೊಳ್ಳುತ್ತಿರುವವರು ಲೆಮ್ಯುಯೆಲ್ ಪಿಟ್‌ಮನ್. ಉತ್ತರ ಕ್ಯಾರೊಲಿನಾದ ಈ ಭಾಗದಲ್ಲಿ ನಮ್ಮ ಕಪ್ಪು ಜನರ ಕಳೆದುಹೋದ ಹಿರಿಯರನ್ನು ಹುಡುಕಿಕೊಡುವ ಮನುಷ್ಯ.

ನಸುಕಿಗೆ ಶಾಲೆಯ ಬಸ್ಸು ಓಡಿಸುವುದು ಹೊಟ್ಟೆಪಾಡು. ಆಮೇಲೆ ಕೋರ್ಟಿನ ನೆಲಮಾಳಿಗೆಯಲ್ಲಿ ಹಳೇ ದಾಖಲೆಗಳ ಧೂಳು. ಹಳೆಯ ಗಣತಿಯಲ್ಲಿ ಗುಲಾಮರಿಗೆ ಹೆಸರೇ ಇಲ್ಲ. ದಣಿಯ ಹೆಸರಿನ ಕೆಳಗೆ 'ಹೆಣ್ಣು, ಇಪ್ಪತ್ತು', 'ಗಂಡು, ಆರು', ಅಷ್ಟೇ. ಕೊಟ್ಟಿಗೆಯ ಹಸುವಿಗಾದರೂ ಒಂದು ಹೆಸರಿರುತ್ತದೆ!

"ದಣಿ ಬಾಲ ಹಿಡ್ಕೊಂಡೇ ಹೋಗ್ಬೇಕು," ಎನ್ನುತ್ತಾರೆ ಲೆಮ್. "ಅವನು ಸತ್ತಾಗ ಆಸ್ತಿ ಪಾಲು ಮಾಡ್ತಾರಲ್ಲ, ಅಲ್ಲಿ ಹಂದಿ, ಮಡಕೆ ಜೊತೆ ನಮ್ಮೋರ ಹೆಸರು ಸಿಗುತ್ತೆ."

ಟಿಲರಿಗಳ ಮುತ್ತಜ್ಜಿ ಡೈಸಿ ಸಿಕ್ಕಿದ್ದೂ ಹಾಗೆಯೇ. ಜೊತೆಗೆ ಗಂಡ ಕೇಟೊ, ಕೂಸು ಲೂಸಿಂಡಾ. ಕೇಟೊನನ್ನು ಮಿಸಿಸಿಪ್ಪಿಗೆ ಮಾರಿದರು. ಡೈಸಿ ಆಮೇಲೆ ಐಶಮ್ ಟಿಲರಿಯ ಜೊತೆ ಬಾಳಿದಳು. ಗುಲಾಮಗಿರಿಯಿಂದ ಬಿಡುಗಡೆಯಾದ ಮೇಲೆ, ಕೂಡಿ ಬಾಳಿದವರೆಲ್ಲ ಬಂದು ಮದುವೆ ಬರೆಸಿ ಎಂದು ಸರ್ಕಾರ ಹೇಳಿದಾಗ ಐಶಮ್‌ನ ಹೆಸರನ್ನೇ ಬರೆಸಿದಳು. ಮಾರಿದವನಿಗಿಲ್ಲದ ನಾಚಿಕೆ ಅವಳಿಗೇಕೆ?

ಮನೆತನದ ಹಿರಿಯರ ನೆನಪಿಗೆ ನಿಲ್ಲಿಸುವ ಹೊಸ ಕಲ್ಲಿನ ಮೇಲೆ ಯಾರ ಯಾರ ಹೆಸರು ಕೆತ್ತಿಸಬೇಕೆಂಬುದು ಇವತ್ತು ತೀರ್ಮಾನವಾಗಬೇಕು. ಕೇಟೊ ಬೇಡ ಎಂದು ಹೋಸಿಯಾ ಹಟ. ಬೆಳಿಗ್ಗೆ ಬಸ್ಸು ಒರೆಸುತ್ತಾ ಲೆಮ್ ಹೇಳಿದ್ದರು: "ಅವನನ್ನ ಒಂದ್ಸಲ ಮಾರಿದ್ರು. ಕಲ್ಲಿಂದಾನೂ ಬಿಟ್ರೆ ನಾವೇ ಇನ್ನೊಂದ್ಸಲ ಮಾರ್ದಂಗೆ."

"ಲೇ ಹೋಸಿಯಾ," ಲೂಸಿಂಡಾಳ ಮೊಮ್ಮಗಳು, ತೊಂಬತ್ತರ ವ್ಯಾಶ್ಟಿ ಅತ್ತೆ ಕುರ್ಚಿಯಿಂದಲೇ ಕೂಗುತ್ತಾರೆ, "ನೀನೂ ಎರಡು ಕಟ್ಕೊಂಡೋನಲ್ವಾ? ನಿನ್ ಕಲ್ಲಿಗೆ ಯಾರನ್ನ ಹಾಕಿಸ್ತೀಯೋ?"

ಜನ ಗೊಳ್ಳೆನ್ನುತ್ತಾರೆ. ಹೋಸಿಯಾರ ಮುಖ ಬಿಗಿಯುತ್ತದೆ.

ಈ ಮನೆತನದ ಊಟದಲ್ಲಿ ಮೇಜಿನ ತುದಿಗೆ ಒಂದು ಖಾಲಿ ತಟ್ಟೆ ಇಟ್ಟೇ ಇಡುತ್ತಾರೆ. ಅಲ್ಲಿ ಯಾರೂ ಕೂರುವಂತಿಲ್ಲ. ಡೈಸಿ ಹಾಕಿಕೊಟ್ಟ ಪದ್ಧತಿ. ದಾರಿಹೋಕನಿಗೆ ಅಂತ ಎಲ್ಲರ ನಂಬಿಕೆ.

"ಯಾವ ದಾರಿಹೋಕ ಅಂತ ಕೇಳಿದ್ರೆ," ವ್ಯಾಶ್ಟಿ ಅತ್ತೆಯ ದನಿ ತಗ್ಗುತ್ತದೆ, "ಲೂಸಿಂಡಾ ಅಜ್ಜಿ ಸುಮ್ನೆ ರಸ್ತೆ ನೋಡ್ತಿದ್ಲಂತೆ. ನಮ್ಮಮ್ಮ ಹೇಳ್ತಿದ್ಲು."



ಹೋಸಿಯಾ, ಹುರಿದ ಮೀನು ಬಡಿಸಿದ ತಟ್ಟೆಯನ್ನು ಲೆಮ್ ಕೈಗಿಡುತ್ತಾರೆ. "ಆ ಕೇಟೊ ಬೇರೆ ಯಾರೋ, ತಪ್ಪಾಯ್ತು ಅನ್ನು ಸಾಕು. ಅಂದು ಕೂತ್ಕೊಂಡು ಉಣ್ಣು."

ಲೆಮ್ ತಟ್ಟೆ ಹಿಡಿದು ಮೇಜಿನ ತುದಿಗೆ ಹೋಗುತ್ತಾರೆ. ಖಾಲಿ ತಟ್ಟೆಯನ್ನು ಸರಿಸಿ, ಹಬೆಯಾಡುವ ತಟ್ಟೆಯನ್ನು ಆ ಜಾಗದಲ್ಲಿ ಇಡುತ್ತಾರೆ. ಟೋಪಿ ಹಾಕಿಕೊಂಡು ರಸ್ತೆಯ ಕಡೆ ನಡೆಯುತ್ತಾರೆ.