ಬರೆದದ್ದಲ್ಲ, ನೇಯ್ದದ್ದು

ನಾನು ರಬಕವಿ-ಬನಹಟ್ಟಿಯ ಒಂದು ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದ ಎರಡನೆಯ ವರ್ಷ ನಗರಸಭೆ ಚುನಾವಣೆ ಬಂತು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಲೇ ಬಿ.ಎ. ಓದಿದವಳು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಪ್ರಚಾರದ ದಿನಗಳಲ್ಲಿ ಹುಡುಗರು ಪಕ್ಷಗಳ ಶಾಲು ಹೊದ್ದು ಶಾಲೆಗೆ ಬರತೊಡಗಿದರು. ಗೇಟಿನ ಬಳಿ ಹೊಡೆದಾಟವಾಗಿ ಒಬ್ಬನ ಹುಬ್ಬು ಒಡೆಯಿತು. ಮರುದಿನವೇ ಸುತ್ತೋಲೆ ಹೊರಡಿಸಿದೆ: ‘ರಾಜಕೀಯ ಘೋಷಣೆ ಬರೆದ ಅಥವಾ ಮುದ್ರಿಸಿದ ಬಟ್ಟೆ ಧರಿಸಿದವರಿಗೆ ತರಗತಿ ಪ್ರವೇಶವಿಲ್ಲ.’ ಅದರಂತೆ ಘೋಷಣೆ ಅಚ್ಚಾದ ಶಾಲು ಹೊದ್ದಿದ್ದ ಮಲ್ಲುವನ್ನು ಎರಡು ದಿನ ಮನೆಗೆ ಕಳಿಸಿದೆ. ಅವನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಬಸಪ್ಪನವರ ಮಗ.

ತಿಂಗಳೊಳಗೆ ನೇಕಾರರು ಕರೆಂಟ್ ಕಡಿತದ ವಿರುದ್ಧ ಧರಣಿ ಕೂತರು. ಆ ವಾರವೇ ಹತ್ತನೆಯ ತರಗತಿಯ ಕಸ್ತೂರಿ ಹೊಸ ವೇಲು ಹಾಕಿಕೊಂಡು ಬಂದಳು. ಬಣ್ಣ ಯೂನಿಫಾರ್ಮಿನದೇ. ಸೆರಗಿನಲ್ಲಿ ಮಾತ್ರ ದಪ್ಪ ಅಕ್ಷರ: ‘ಮಗ್ಗಕ್ಕ ಕರೆಂಟ್ ಕೊಡ್ರಿ.’

“ಸುತ್ತೋಲೆ ಓದಿಲ್ಲೇನವಾ?” ಅಂದೆ.

“ಓದೇನ್ರಿ ಅಕ್ಕಾರ. ಬರದದ್ದು, ಅಚ್ಚ ಹಾಕಿದ್ದು ಬ್ಯಾಡ ಅಂತ ಐತ್ರಿ. ಇದು ಬರದದ್ದಲ್ರಿ, ನೇಯ್ದದ್ರಿ. ಕರೆಂಟ್ ಇಲ್ಲದಾಗ ಅಜ್ಜಿ ಕೈಮಗ್ಗದ ಮ್ಯಾಲೆ ನಾನ ನೇಯ್ದೇನ್ರಿ.”

ಸ್ಟಾಫ್ ರೂಮಿನಲ್ಲಿ ನಗು ಎದ್ದಿತು. ನನಗೆ ನಗು ಬರಲಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿ, ನೇಯ್ಗೆಯನ್ನೇ ಮರೆತು ನಿಯಮ ಬರೆದಿದ್ದೆ.

ಮಧ್ಯಾಹ್ನ ಬಸಪ್ಪನವರು ಬಂದು, ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ ಕಸ್ತೂರಿಯನ್ನು ತೋರಿಸಿದರು. “ನನ್ನ ಮಗ ಯಾರಿಗೂ ಕೈ ಹಚ್ಚಿದ್ದಿಲ್ಲ, ಆದ್ರೂ ಹೊರಗ ಹಾಕಿದ್ರಿ. ಈಕಿಗಿ ಟಿ.ಸಿ. ಕೊಡ್ರಿ. ಇಲ್ಲಂದ್ರ ನಿಮ್ಮ ಮಂದಿ ಅಂತ ಬಿಟ್ರಿ ಅಂತೀವಿ.”

ಸುದ್ದಿ ಕೇಳಿ ಬಂದಿದ್ದ ಕಸ್ತೂರಿಯ ಅಪ್ಪ ಹೆದರಿ ಕೈ ಮುಗಿದ. “ಸಾಲಿ ಬಿಡಸ್ತೇನ್ರಿ ಅಕ್ಕಾರ. ಮನ್ಯಾಗ ಕಂಡಿಕಿ ಸುತಗೋತ ಕೂಡ್ಲಿ.”

ನನ್ನ ಅಪ್ಪನೂ ಒಮ್ಮೆ ಇದೇ ಮಾತು ಆಡಿದ್ದ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೂರೇ ತಿಂಗಳಿತ್ತು. ಬಿಟ್ಟ ಹುಡುಗಿ ಮರಳಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಬಸಪ್ಪನವರ ದೂರಿನಲ್ಲೂ ನ್ಯಾಯವಿತ್ತು. ಅದಕ್ಕೇ ಅವರಿಗೆ ನೇರವಾಗಿ ಹೇಳಿದೆ: “ನಿಮ್ಮ ಮಗನ್ನ ಒಂದ ಮಾತ ಕೇಳದ ಕಳಿಸಿದೆ. ತಪ್ಪು ನಂದು. ಅವನ ಎರಡು ದಿನದ ಹಾಜರಿ ಕೊಡ್ತೇನಿ. ಆದ್ರ ಈಕಿಗಿ ಟಿ.ಸಿ. ಕೊಡಂಗಿಲ್ಲ.” ಆಮೇಲೆ ಕಸ್ತೂರಿಯ ಅಪ್ಪನ ಕಡೆ ತಿರುಗಿದೆ. “ಕಂಡಿಕಿ ನಾನೂ ಸುತ್ತೇನಿ, ಅಣ್ಣಾ. ಸುತ್ತಲಿ. ಸಾಲಿಗಿ ಬಂದು ಹೋಗಿ ಸುತ್ತಲಿ.”

ಆತ ಮುಗಿದ ಕೈ ಇಳಿಸಿದ. ಮಗಳಿಗೆ, “ಹೋಗವಾ, ಕ್ಲಾಸಿಗಿ ಹೋಗ” ಅಂದ.

ಹೊಸ ಸುತ್ತೋಲೆ ಬರೆದೆ. ಪಕ್ಷದ ಬಣ್ಣ, ಚಿಹ್ನೆ ಬೇಡ. ಯಾರನ್ನೂ ಬೈಯದ ಸ್ವಂತ ಮಾತಿಗೆ ಅಡ್ಡಿಯಿಲ್ಲ. ಸಹಿಗೆ ಮೊದಲು ಮಲ್ಲು ಮತ್ತು ಕಸ್ತೂರಿ ಇಬ್ಬರನ್ನೂ ಕರೆದು ಓದಿಸಿದೆ.

ಮಲ್ಲು ತಲೆ ಕೆರೆದುಕೊಂಡ. “ಅಕ್ಕಾರ, ಬಣ್ಣ ಬ್ಯಾಡಂದ್ರ ನಮ್ಮ ಯೂನಿಫಾರ್ಮನ ಬಿಚ್ಚಬೇಕಾಕ್ಕೈತ್ರಿ. ಅದೂ ಒಂದ ಪಕ್ಷದ ಬಣ್ಣಾನ ಐತಲ್ರಿ.”

“ಶಾಲು ಹೊದ್ದಾಂವಗ ಈಗ ಶಾಣ್ಯಾತನ ಬಂತ ನೋಡ್ರಿ!” ಅಂದಳು ಕಸ್ತೂರಿ.

ಮತ್ತೆ ಟೈಪ್ ಮಾಡಿಸಲಿಲ್ಲ. ‘ಬಣ್ಣ’ ಎಂಬುದರ ಮೇಲೆ ಗೀಟೆಳೆದು ಸಹಿ ಹಾಕಿದೆ. ಕಸ್ತೂರಿ ಈಗ ಜಮಖಂಡಿಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ನಾನಂತೂ ಅಂದಿನಿಂದ ಯಾವ ನಿಯಮಕ್ಕೂ, ಅದರಲ್ಲಿ ಸಿಕ್ಕಿಬೀಳುವ ಮಕ್ಕಳು ಓದುವ ಮುನ್ನ ಸಹಿ ಹಾಕಿಲ್ಲ.