ದೊಡ್ಡಪ್ಪ ಹೊಲಿದ ಹೊಟ್ಟಿನ ಹಾಸಿಗೆ

ನಮ್ಮ ದೊಡ್ಡಪ್ಪನನ್ನು ಹೊಗಳುವುದು ನನಗೆ ಅಷ್ಟೇನೂ ಇಷ್ಟದ ಕೆಲಸವಲ್ಲ. ಹಟಮಾರಿ. ಹೇಳಿದ ಮಾತು ಕೇಳುವ ಆಸಾಮಿಯೇ ಅಲ್ಲ. ಆದರೂ ಅವರು ಮಾಡಿದ ಕೆಲಸ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಲು ನನ್ನಿಂದಾಗುವುದಿಲ್ಲ.

ಅವರದು ಹಾಸಿಗೆ ಹೊಲಿಯುವ ಕಸುಬು. ಕೋಲಿನಿಂದ ಹತ್ತಿ ಬಡಿದು, ಬಟ್ಟೆಯೊಳಗೆ ಒತ್ತೊತ್ತಿ ತುಂಬಿ, ಗೇಣುದ್ದದ ಸೂಜಿಯಿಂದ ಹೊಲಿದರೆಂದರೆ ಆ ಹಾಸಿಗೆ ವರ್ಷಗಟ್ಟಲೆ ಜಪ್ಪಯ್ಯ ಅನ್ನುತ್ತಿರಲಿಲ್ಲ. ಬೀದಿಗೆ ಫೋಮ್ ಹಾಸಿಗೆಯ ಅಂಗಡಿಗಳು ಬಂದವು, ಕಸುಬು ಮೂಲೆ ಸೇರಿತು. ದೊಡ್ಡಪ್ಪ ಮಾತ್ರ ಸೂಜಿಗೆ ಎಣ್ಣೆ ಸವರುವುದನ್ನು ಬಿಡಲಿಲ್ಲ.

ಹೀಗಿರುವಾಗ ದೊಡ್ಡಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಬಾಯಿಗೆ ಮಾತ್ರ ಏನೂ ಆಗಲಿಲ್ಲ, ದೇವರು ದೊಡ್ಡವನು. ಮಗ್ಗುಲು ಬದಲಿಸಲಿಕ್ಕೂ ಇನ್ನೊಬ್ಬರು ಬೇಕು. ನಾನಿರುವುದು ಪಕ್ಕದ ಮನೆಯಲ್ಲೇ. ದೊಡ್ಡಪ್ಪನೂ ನಾನೂ ಸರದಿಯಂತೆ ಹೊರಳಿಸುತ್ತಿದ್ದೆವು. ಆದರೂ ಸೆಕೆಗೆ ಬೆನ್ನು ಬೆವತು ಬೆವತು, ಸೊಂಟದ ಹತ್ತಿರ ಚರ್ಮ ಕೆಂಪಾಯಿತು. ಮನೆಗೆ ಬಂದು ನೋಡುವ ನರ್ಸಮ್ಮ ಹುಬ್ಬು ಗಂಟಿಕ್ಕಿದರು.

"ಇದು ಒಡೆದು ಹುಣ್ಣಾದ್ರೆ ಮಾಯೋದು ಬಹಳ ಕಷ್ಟ. ಬೆನ್ನಿಗೆ ಗಾಳಿ ಆಡ್ಬೇಕು."

ಫೋಮ್ ಹಾಸಿಗೆ ಮೈಬಿಸಿಗೆ ಕಾಯುತ್ತಿತ್ತು. ಹತ್ತಿ ಒದ್ದೆಯಾಗಿ ಗಡ್ಡೆ ಕಟ್ಟುತ್ತಿತ್ತು. ಊರಿಗೆಲ್ಲ ಹಾಸಿಗೆ ಹೊಲಿದವರಿಗೆ ಸ್ವಂತ ಹೆಂಡತಿಯನ್ನು ಮಲಗಿಸಲು ಹಾಸಿಗೆ ಇಲ್ಲದಂತಾಯಿತು.

ಬೀದಿಯ ಕೊನೆಗೆ ಅಕ್ಕಿ ಗಿರಣಿ, ಅದರ ಹಿಂದೆ ಭತ್ತದ ಹೊಟ್ಟಿನ ಗುಡ್ಡ. ಗಿರಣಿಯವರು ಅದಕ್ಕೆ ಬೆಂಕಿ ಇಟ್ಟಾಗಲೆಲ್ಲ ನಮ್ಮ ಒಣಹಾಕಿದ ಬಟ್ಟೆಗೆ ಮಸಿ. ನಾನು ಹೋಗಿ ಜಗಳವಾಡಿ ಬರುತ್ತಿದ್ದೆ. ಅಂಥದೇ ಒಂದು ಜಗಳಕ್ಕೆ ದೊಡ್ಡಪ್ಪನೂ ಜೊತೆಗೆ ಬಂದರು. ನಾನಿಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದರೆ ಅವರು ಹೊಟ್ಟಿನ ಮೇಲೆ ಗೋಣಿ ಹಾಸಿ ಗೊರಕೆ ಹೊಡೆಯುತ್ತಿದ್ದ ಹಮಾಲಿಯನ್ನೇ ನೋಡುತ್ತ ನಿಂತಿದ್ದಾರೆ! ಅವನು ಎದ್ದ ಕೂಡಲೇ ಹೋಗಿ ಬೆನ್ನು ಮುಟ್ಟಿ ನೋಡಿದರು.

"ಇಷ್ಟು ಸೆಕೇಲೂ ಬೆವತಿಲ್ಲ ಕಣಮ್ಮ. ಜಗಳ ಸಾಕು, ಒಂದು ಮೂಟೆ ಹೊಟ್ಟು ಕೇಳು."

"ಒಂದ್ಯಾಕೆ ಯಜಮಾನ್ರೇ, ಗುಡ್ಡಾನೇ ಹೊತ್ಕೊಂಡು ಹೋಗಿ," ಎಂದು ಗಿರಣಿಯ ಮೇಸ್ತ್ರಿ ನಕ್ಕ.

ಕಸುಬಿನ ಕೈ ಸುಮ್ಮನಿರುತ್ತದೆಯೇ? ಹತ್ತಿ ಬಡಿದಂತೆ ಹೊಟ್ಟನ್ನೂ ಕೋಲಿನಿಂದ ಬಡಿದರು! ಅದು ಚೂರುಚೂರಾಗಿ ಮುಳ್ಳಿನಂತೆ ಚುಚ್ಚತೊಡಗಿತು. ಮೊದಲು ತಾವೇ ಮಲಗಿ ನೋಡಿದ್ದು ಪುಣ್ಯ. ಮೈ ಪರಪರ ಕೆರೆದುಕೊಂಡು ಓಡಾಡುವಾಗ ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಕೋಲು ಬಿಟ್ಟರು. ಮೊರದಲ್ಲಿ ಕೇರಿ ಧೂಳು, ನುಚ್ಚು ತೆಗೆದು, ಹಂಡೆಯಲ್ಲಿ ಕುದಿಸಿ, ತಾರಸಿಯ ಮೇಲೆ ಗರಿಗರಿಯಾಗಿ ಒಣಗಿಸಿದರು. ಸರಿಹೋಯಿತು ಅನ್ನುವಷ್ಟರಲ್ಲಿ ಮತ್ತೆ ಹಳೇ ಚಾಳಿ. ಒತ್ತೊತ್ತಿ ತುಂಬಿ ಹಾಸಿಗೆಯನ್ನು ಕಲ್ಲುಚಪ್ಪಡಿ ಮಾಡಿಟ್ಟರು.

"ರೀ, ಹೊಟ್ಟಿನ ಜೊತೆ ನಿಮ್ಮ ಹಟಾನೂ ತುಂಬಿದೀರಲ್ಲ," ಎಂದರು ದೊಡ್ಡಮ್ಮ. "ಸ್ವಲ್ಪ ಸಡಿಲ ಬಿಡಿ."

ಗಟ್ಟಿ ಹಾಸಿಗೆಯಿಂದಲೇ ಹೆಸರು ಮಾಡಿದ ಮನುಷ್ಯ ಅಲ್ಲೇ ಕೂತು ಹೊಲಿಗೆ ಬಿಚ್ಚಿದರು. ಅವರನ್ನು ನಾನು ಮೆಚ್ಚುವುದು ಅದಕ್ಕೇ. ಬಟ್ಟೆಯನ್ನು ಚೌಕಚೌಕವಾಗಿ ಗೂಡು ಮಾಡಿ ಹೊಲಿದು, ಒಂದೊಂದು ಗೂಡಿಗೂ ಅರ್ಧದಷ್ಟೇ ಹೊಟ್ಟು ಹಾಕಿದರು. ಮೈಭಾರಕ್ಕೆ ಹೊಟ್ಟು ಸರಿದು ಜಾಗ ಕೊಡುತ್ತಿತ್ತು, ನಡುವೆ ಗಾಳಿಯೂ ಆಡುತ್ತಿತ್ತು.

"ಕೈ ಅಲ್ಲಾಡಿಸಿದ್ರೂ ಸರಸರ ಅನ್ನುತ್ತಲ್ರೀ! ಹಾವಿನ ಜೊತೆ ಮಲಗಿದ ಹಾಗಿದೆ."

"ನಿನ್ನ ಬಾಯಿಗೆ ಹೆದರಿ ಹಾವೇ ಓಡಿಹೋಗುತ್ತೆ, ಮಲಕ್ಕೋ."

ಕೆಂಪು ಇಳಿಯುತ್ತ ಬಂತು. ನರ್ಸಮ್ಮ ಹಾಸಿಗೆಯನ್ನು ಒತ್ತಿ ನೋಡಿ, ತಮ್ಮ ಆಸ್ಪತ್ರೆಯ ವಾರ್ಡಿಗೂ ಬೇಕೆಂದರು. "ಆದ್ರೆ ಹೊರಳಿಸೋದು ಬಿಡ್ಬೇಡಿ, ಅವರೇ ಹೊರಳೋ ತನಕ," ಎಂದರು. ಅವರೇ ಹೊರಳುವ ದಿನ ಬರುತ್ತದೆಯೇ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ದೊಡ್ಡಪ್ಪ ದಿನವೂ ಆ ಕೈಕಾಲು ಮಡಿಸಿ ಬಿಡಿಸಿ ವ್ಯಾಯಾಮ ಮಾಡಿಸುವರು, ದೊಡ್ಡಮ್ಮ ದಿನವೂ ಬೈಯುವರು. ಉಳಿದ ಹೊತ್ತೆಲ್ಲ ವಾರ್ಡಿಗೆ ಹೊಲಿಗೆ. ಹಾಸಿಗೆಯಿಂದ ಬದಲಿಸಿ ತೆಗೆದ ಹಳೆಯ ಹೊಟ್ಟು ಹೂವಿನ ಕುಂಡಗಳಿಗೆ. ಗಿರಣಿಯ ಗುಡ್ಡ ಕರಗುತ್ತ ಬಂದು, ನನಗೆ ಜಗಳಕ್ಕೂ ಕಾರಣ ಇಲ್ಲದಂತಾಯಿತು.

ಒಂದು ಮಧ್ಯಾಹ್ನ ನಾವಿಬ್ಬರೂ ಅಂಗಳದಲ್ಲಿ ಹೊಟ್ಟು ಕೇರುತ್ತಿದ್ದೆವು. ಒಳಗೆ ದೊಡ್ಡಮ್ಮ ಒಬ್ಬರೇ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಇದ್ದಕ್ಕಿದ್ದಂತೆ ಒಳಗಿನಿಂದ ಸರಸರ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಈ ಸಲ ಜೋರಾಗಿ. ದೊಡ್ಡಪ್ಪನ ಕೈಯ ಮೊರ ನಿಂತಿತು.

"ನೀನು ಇಲ್ಲಿದೀಯ. ನಾನೂ ಇಲ್ಲಿದೀನಿ," ಎಂದರು ಮೆಲ್ಲಗೆ.

ಮೊರ ಎಸೆದು ಓಡಿದರು. ನಾನೂ ಹಿಂದೆಯೇ ಓಡಿದೆ. ದೊಡ್ಡಮ್ಮ ಬಾಗಿಲ ಕಡೆ ಮುಖ ಮಾಡಿ ಮಲಗಿ ಏದುಸಿರು ಬಿಡುತ್ತಿದ್ದರು.

"ಏನ್ ಹಾಗೆ ನೋಡ್ತೀರಿ? ಆ ಗೋಡೆ ನೋಡಿ ನೋಡಿ ಸಾಕಾಗಿತ್ತು."

ದೊಡ್ಡಪ್ಪ ಹಾಸಿಗೆಯ ಅಂಚಿನಲ್ಲಿ ಕುಸಿದು, ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು. ನಾನೂ ಅತ್ತೆ, ಅದರಲ್ಲೇನು ನಾಚಿಕೆ?

ದೊಡ್ಡಮ್ಮ ಬಲಗೈ ಚಾಚಿ ಅವರ ತಲೆ ಸವರಿದರು.

"ಸ್ವಲ್ಪ ಆ ಕಡೆ ಹೋಗಿ ಅಳ್ರೀ," ಎಂದರು, "ಹೊಟ್ಟು ಒದ್ದೆಯಾಗುತ್ತೆ."